ಸಭೆಯ ಮತ

ಕನ್ನಡದಲ್ಲಿ ‘ಮತ’ ಎಂಬ ಒಂದೇ ಶಬ್ದ ಎರಡು ಕೆಲಸ ಮಾಡುತ್ತದೆ. ಒಂದು ಅರ್ಥದಲ್ಲಿ ಅದು ಧರ್ಮ; ಇನ್ನೊಂದು ಅರ್ಥದಲ್ಲಿ ಚುನಾವಣೆಯ ಓಟು. ನಿಘಂಟಿನಲ್ಲಿ ಈ ಎರಡು ಅರ್ಥಗಳು ಒಂದರ ಕೆಳಗೊಂದು ತಂಟೆ ತಕರಾರಿಲ್ಲದೆ ಕುಳಿತಿರುತ್ತವೆ. ಆದರೆ ಕ್ರೈಸ್ತ ದೇವಾಲಯದ ಅಂಗಳದಲ್ಲಿ, ವಾರ್ಷಿಕ ಸಾಧಾರಣ ಸಭೆಯ ದಿನ, ಅವೆರಡನ್ನೂ ಒಂದೇ ಬೆಂಚಿನ ಮೇಲೆ ಕೂಡಿಸಿ ನೋಡಬೇಕು!

ನಾನು ಅಮರಗೋಳದ ನಿವಾಸಿ. ಹುಬ್ಬಳ್ಳಿ ಧಾರವಾಡಗಳ ನಡುವೆ ರೈಲಿನಲ್ಲಿ ಓಡಾಡುವವರು ಉಣಕಲ್ಲು ದಾಟಿದ ಮೇಲೆ, ನವಲೂರು ಬರುವುದಕ್ಕೆ ಮೊದಲು, ಈ ಹೆಸರಿನ ಚಿಕ್ಕ ನಿಲ್ದಾಣವನ್ನು ಕಂಡಿರುತ್ತಾರೆ. ಇಲ್ಲಿ ಇಳಿದವರು ಕಡಿಮೆ. ಹಳೆಯ ಊರಿನಲ್ಲಿ ಕಲ್ಲುಗುಡಿಗಳಿವೆ. ಈಚಿನವರಿಗೆ ಅಮರಗೋಳವೆಂದರೆ ದೊಡ್ಡ ಕೃಷಿ ಮಾರುಕಟ್ಟೆ. ನಮ್ಮ ನೆರೆಯವರದು ಅಲ್ಲಿ ದಲಾಲಿ ಅಂಗಡಿ. ಮೆಣಸಿನಕಾಯಿಯ ರಾಶಿಗೆ ಚೀಟಿಯಲ್ಲಿ ದರ ಬರೆದು ಹಾಕುವ ಟೆಂಡರು ಪದ್ಧತಿಯಲ್ಲೇ ಅವರ ಕೂದಲು ನರೆತದ್ದು. ಈಗ ಆ ಕೆಲಸವೂ ಕಂಪ್ಯೂಟರಿಗೆ ಹೋಗಿದೆ. ಒಂದು ದಿನ ನಾನು ಸಭೆಯ ಮತದಾರರ ಯಾದಿಯನ್ನು ಹಿಡಿದು ಕುಳಿತಿದ್ದಾಗ ಅವರು ಕಾಂಪೌಂಡಿನ ಮೇಲಿಂದ ಕೇಳಿದರು:

“ಅಲ್ರೀ ಮಾಸ್ತರ, ನಮ್ಮ ಮಾರ್ಕೆಟ್ ಕಮಿಟಿಗೆ ಓಟು ಐತಿ, ಖರೆ. ನೀವು ದೇವರಿಗೂ ಓಟು ಹಾಕತೀರೇನು?”

“ದೇವರಿಗಲ್ಲರೀ, ಕಮಿಟಿಗೆ.”

“ಹಂಗಾರ ಜಗಳ ಇದ್ದದ್ದ ಬಿಡ್ರಿ,” ಎಂದು ಅವರು ಸಮಾಧಾನದಿಂದ ಒಳಗೆ ಹೋದರು.

ಅವರ ಪ್ರಶ್ನೆ ಹೊಸದಲ್ಲ. ಇಪ್ಪತ್ತು ಶತಮಾನಗಳಿಂದ ಕ್ರೈಸ್ತರು ಅದಕ್ಕೆ ಬೇರೆ ಬೇರೆ ಉತ್ತರ ಹೇಳುತ್ತ ಬಂದಿದ್ದಾರೆ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥವನ್ನು ತೆರೆದರೆ ಮೊದಲನೆಯ ಅಧ್ಯಾಯದಲ್ಲೇ ಒಂದು ಚುನಾವಣೆ. ಯೂದನಿಂದ ತೆರವಾದ ಸ್ಥಾನಕ್ಕೆ ಇಬ್ಬರನ್ನು ನಿಲ್ಲಿಸಿದರು, ಪ್ರಾರ್ಥನೆ ಮಾಡಿ ಚೀಟು ಹಾಕಿದರು, ಚೀಟು ಮತ್ತೀಯನಿಗೆ ಬಂತು. ಸೋತವನು ಮುನಿಸಿಕೊಂಡನೆಂದು ಎಲ್ಲಿಯೂ ಬರೆದಿಲ್ಲ. ಚೀಟು ಬೀಳಿಸಿದವನು ದೇವರಾದ್ದರಿಂದ ಯಾರ ಮೇಲೆ ಮುನಿಯುವುದು? ಈಜಿಪ್ಟಿನ ಕಾಪ್ಟಿಕ್ ಸಭೆಯವರು ಈ ಪದ್ಧತಿಯ ಕೊನೆಯ ಹೆಜ್ಜೆಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ. 2012ರಲ್ಲಿ ಅವರ ಈಗಿನ ಪೋಪರನ್ನು ಆರಿಸಿದ್ದು ಹೀಗೆಯೇ: ಮತದಾನದಲ್ಲಿ ಮುಂದೆ ಬಂದ ಮೂರು ಹೆಸರುಗಳನ್ನು ಪಾತ್ರೆಯಲ್ಲಿ ಹಾಕಿ, ಕಣ್ಣು ಕಟ್ಟಿದ ಹುಡುಗನೊಬ್ಬನಿಂದ ಒಂದನ್ನು ಎತ್ತಿಸಿದರು. ಅದೇ ಗ್ರಂಥದ ಆರನೆಯ ಅಧ್ಯಾಯದಲ್ಲಿ ಬೇರೆ ಕತೆ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸುತ್ತಾರೆಂದು ಗೊಣಗಾಟ ಎದ್ದಿತು. ಆಗ ಅಪೊಸ್ತಲರು ಚೀಟು ಹಾಕಲಿಲ್ಲ. ನೀವೇ ಏಳು ಮಂದಿಯನ್ನು ಆರಿಸಿಕೊಳ್ಳಿರೆಂದು ಇಡೀ ಸಭೆಗೆ ಹೇಳಿದರು. ಅನ್ನ ಹಂಚುವ ಮಾತು ಬಂದಾಗ ಜನರನ್ನೇ ಕೇಳಬೇಕಾಯಿತು.

ನಮ್ಮ ಕನ್ನಡ ನಾಡಿನಲ್ಲಿ ಈ ಎಲ್ಲ ಪಂಥಗಳೂ ಬಂದು ಬೀಡುಬಿಟ್ಟವು. ಕೆಥೋಲಿಕರಲ್ಲಿ ಊರ ಸಭೆಯವರು ತಮ್ಮ ಪಾದ್ರಿಗಳಿಗೆ ಓಟು ಹಾಕುವಂತಿಲ್ಲ. ಬಿಷಪ್ಪರನ್ನು ರೋಮಿನಿಂದ ನೇಮಿಸುತ್ತಾರೆ. ಪೋಪರನ್ನು ಮಾತ್ರ ಕಾರ್ಡಿನಲ್ಲರು ಗುಪ್ತ ಚೀಟಿಯಿಂದ, ಮೂರರಲ್ಲಿ ಎರಡು ಪಾಲು ಮತದಿಂದ ಆರಿಸುತ್ತಾರೆ. ಆ ಎರಡು ಪಾಲಿನ ನಿಯಮಕ್ಕೆ 1179ರಷ್ಟು ಹಳೆಯ ಇತಿಹಾಸವಿದೆ. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನವರದು ಇದಕ್ಕೆ ತೀರ ವಿರುದ್ಧ ಸಂಪ್ರದಾಯ. ಅವರ ಮೂಲತತ್ತ್ವದ ಮೇರೆಗೆ ಒಂದೊಂದು ಊರಿನ ಸಭೆಯೂ ಒಂದೊಂದು ಸ್ವತಂತ್ರ ಸಂಸ್ಥಾನ. ಸದಸ್ಯರು ಕೂಡಿ ನಿರ್ಣಯಿಸಿದ್ದೇ ನಿರ್ಣಯ. ಮೈಸೂರು ಸೀಮೆಯ ವೆಸ್ಲಿಯನ್ನರು ನಡುವಿನ ದಾರಿಯವರು. ಅವರಲ್ಲಿ ಊರ ಸಭೆಗಳು ಸರ್ಕೀಟಿನಲ್ಲಿ ಕೂಡಬೇಕು, ಸರ್ಕೀಟುಗಳು ಸಿನೊಡಿನಲ್ಲಿ ಕೂಡಬೇಕು. ಯಾರೂ ಒಬ್ಬಂಟಿಯಲ್ಲ, ಯಾರೂ ಪೂರ್ಣ ಸ್ವತಂತ್ರರೂ ಅಲ್ಲ.

ಇನ್ನು ನಮ್ಮ ಭಾಗದ ಬಾಸೆಲ್ ಮಿಶನ್. ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839. ಬೆಟಗೇರಿ ಅದರ ಬೆನ್ನಿಗೇ. ಇಲ್ಲಿ ಪ್ರತಿ ಸಭೆಗೂ ‘ಹಿರಿಯರು’ ಇರುತ್ತಿದ್ದರು. ಜಗಳ ತೀರಿಸುವುದು, ಬಡವರ ಯೋಗಕ್ಷೇಮ ನೋಡುವುದು, ಕುಡಿದು ಬಂದವನಿಗೆ ಬುದ್ಧಿ ಹೇಳುವುದು ಅವರ ಕೆಲಸ. ಆದರೆ ನಿಜವಾದ ಕೀಲಿಕೈ ಇದ್ದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಕಮಿಟಿಯ ಸೊಂಟದಲ್ಲಿ. ಆ ಕಮಿಟಿಯ ಬಿಗಿ ಎಂಥದೆಂದರೆ, ಇಲ್ಲಿಗೆ ಬಂದ ಮಿಶನರಿ ಮದುವೆಯಾಗಬೇಕಾದರೂ ಅದರ ಒಪ್ಪಿಗೆ ಬೇಕು. ಹುಡುಗಿಯ ವಿಷಯದಲ್ಲೂ ಅದರ ಮಾತು ನಡೆಯುತ್ತಿತ್ತು. ತಮ್ಮ ಹೆಂಡತಿಯ ವಿಷಯದಲ್ಲೇ ಓಟಿಲ್ಲದವರು ನಮಗೆ ಓಟು ಹಾಕುವುದನ್ನು ಎಷ್ಟರಮಟ್ಟಿಗೆ ಕಲಿಸಿಯಾರು! ಮೊದಲನೆಯ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟು ಹೊರಗೆ ಕಳಿಸಿದಾಗ ಇಲ್ಲಿಯ ಹಿರಿಯರು ಒಮ್ಮೆಲೆ ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಯಾರೂ ಕೊಡದೆ ಬಂದ ಸ್ವರಾಜ್ಯ ಅದು.

ಇಷ್ಟು ಬಗೆಯ ಜನ ಒಂದು ಸೂರಿನ ಕೆಳಗೆ ಬರಬೇಕೆಂದರೆ ಏನಾಗಬೇಡ? ದಕ್ಷಿಣ ಭಾರತದ ಸಭೆಗಳ ಐಕ್ಯದ ಮಾತು 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾಯಿತು. ಮುಗಿದದ್ದು 1947ರ ಸೆಪ್ಟೆಂಬರ 27ರಂದು, ಮದರಾಸಿನಲ್ಲಿ. ನಡುವೆ ಇಪ್ಪತ್ತೆಂಟು ವರ್ಷ. ಒಬ್ಬೊಬ್ಬರೂ ತಮ್ಮ ತಮ್ಮ ಪದ್ಧತಿಯಂತೆಯೇ ಮತ ಕೊಟ್ಟರು. ಮೆಥೊಡಿಸ್ಟರು 1943ರಲ್ಲಿ ಹೂಂ ಎಂದರು. ಆಂಗ್ಲಿಕನ್ನರ ಮಹಾಸಭೆ 1945ರ ಜನವರಿಯಲ್ಲಿ ಒಪ್ಪಿತು. ಐಕ್ಯಕ್ಕಾಗಿ ಆಯುಷ್ಯ ಸವೆಸಿದ, ಆಂಗ್ಲಿಕನ್ನರ ಮೊದಲ ಭಾರತೀಯ ಬಿಷಪ್ ಅಜರಯ್ಯನವರು ಅದೇ ಜನವರಿಯ ಒಂದನೆಯ ತಾರೀಖು ತೀರಿಕೊಂಡಿದ್ದರು. ಎಣಿಕೆಯ ಫಲ ಅವರ ಕಿವಿಗೆ ಬೀಳಲಿಲ್ಲ. ಲಂಡನ್ ಮಿಶನ್ ಮೊದಲಾದವರ ಸಭೆಗಳು 1908ರಿಂದ ಒಂದು ಒಕ್ಕೂಟವಾಗಿದ್ದವು. ಅವರ ಒಪ್ಪಿಗೆ 1946ಕ್ಕೆ ಸಿಕ್ಕಿತು. ಎಲ್ಲರಿಗಿಂತ ತಡ. ಕೆಳಗಿನಿಂದ ಕೇಳುತ್ತ ಬರುವವರಿಗೆ ಹೊತ್ತು ಹೆಚ್ಚು ಹಿಡಿಯುತ್ತದೆ.

ಆ ಐಕ್ಯದ ಕಾಗದಪತ್ರಗಳಲ್ಲಿ ನನಗೆ ಹಿಡಿಸಿದ್ದು ಒಂದು ಚಿಕ್ಕ ಭಾಗ. ಅದಕ್ಕೆ ‘ಪ್ರತಿಜ್ಞೆ’ ಎನ್ನುತ್ತಾರೆ. ಯಾವ ಊರಿನ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ ಆರಾಧನೆಯ ಕ್ರಮವನ್ನಾಗಲಿ, ಅದರ ಮನಸ್ಸಾಕ್ಷಿ ಒಪ್ಪದ ಬೋಧಕರನ್ನಾಗಲಿ ಹೇರುವುದಿಲ್ಲ ಎಂಬುದು ಅದರ ತಾತ್ಪರ್ಯ. ದೊಡ್ಡ ದೊಡ್ಡ ದೇವಶಾಸ್ತ್ರದ ಪುಟಗಳ ನಡುವೆ ಇದು ಮನೆಯೊಳಗಿನ ಮಾತಿನಂತೆ ಕೇಳುತ್ತದೆ. ನಾಳೆ ಎಣಿಕೆಯಲ್ಲಿ ನೀವು ಕಡಿಮೆ ಬಿದ್ದೀರಿ, ಬಿದ್ದರೂ ನಿಮ್ಮ ತಟ್ಟೆಯನ್ನು ಕಸಿಯುವುದಿಲ್ಲ ಎಂದು ಮೊದಲೇ ಹೇಳಿದ ಹಾಗೆ. ಗೆಲ್ಲುವವರು ಗೆಲ್ಲುವುದಕ್ಕಿಂತ ಮುಂಚೆ ಕೊಟ್ಟ ಮಾತು ಅದು. ಗೆದ್ದ ಮೇಲೆ ಯಾರು ಕೊಡುತ್ತಾರೆ?

ಹೀಗಿದ್ದೂ ಎಲ್ಲರೂ ಬರಲಿಲ್ಲ. ಬಳ್ಳಾರಿಯ ಆಚೆ, ತೆಲುಗು ಸೀಮೆಯ ನಂದ್ಯಾಲದ ಕಡೆಯ ಅನೇಕ ಆಂಗ್ಲಿಕನ್ ಸಭೆಗಳು ನಾವೊಲ್ಲೆವೆಂದು ಹೊರಗುಳಿದವು. ಯಾರೂ ಅವರ ಬೆನ್ನು ಹತ್ತಲಿಲ್ಲ. 1975ರಲ್ಲಿ ಅವರು ತಾವಾಗಿ ಒಳಗೆ ಬಂದರು. ದಕ್ಷಿಣ ಭಾರತ ಸಭೆಯ ಮೊದಲ ಮಹಿಳಾ ಬಿಷಪ್ ಇ. ಪುಷ್ಪಲಲಿತಾ ಅವರು 2013ರಲ್ಲಿ ಕುರ್ಚಿ ಏರಿದ್ದು ಇದೇ ನಂದ್ಯಾಲದಲ್ಲಿ. ಹಳೆಯ ಕ್ರಮವೇ ಇರಲೆಂದು ಹಟ ಹಿಡಿದವರ ಊರಿಗೆ ಎಲ್ಲರಿಗಿಂತ ಹೊಸದು ಮೊದಲು ಬಂತು!

ಹೊರಗುಳಿದ ಇನ್ನೊಂದು ಗುಂಪೆಂದರೆ ನಾವೇ. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಮುಂಬಯಿ ಕರ್ನಾಟಕದ ಬಾಸೆಲ್ ಮಿಶನ್ ಸಭೆಗಳು 1947ರಲ್ಲಿ ಐಕ್ಯಕ್ಕೆ ಕೂಡಿಕೊಳ್ಳಲಿಲ್ಲ. 1956ರಲ್ಲಿ ರಾಜ್ಯಗಳು ಒಂದಾದವು, ಹುಬ್ಬಳ್ಳಿಯವರೂ ಮೈಸೂರಿನವರೂ ಒಂದೇ ವಿಧಾನಸಭೆಯಲ್ಲಿ ಕೂತರು. ಪ್ರಭುಭೋಜನದ ಮೇಜು ಮಾತ್ರ ಬೇರೆಯೇ ಇತ್ತು. ಅದು ಕೂಡಿದ್ದು 1960ರ ದಶಕದ ಕೊನೆಗೆ. ಆಮೇಲೆ 1970ರಲ್ಲಿ ಮೈಸೂರಿನ ದೊಡ್ಡ ಡಯಾಸಿಸನ್ನು ಮೂರು ಮಾಡಿ ಉತ್ತರದ್ದಕ್ಕೆ ಧಾರವಾಡವನ್ನು ಕೇಂದ್ರ ಮಾಡಿದರು.

ಆ ಮಾತುಕತೆಯ ದಿನಗಳಲ್ಲಿ ನಾನು ಹೈಸ್ಕೂಲಿನ ಹುಡುಗ. ನಮ್ಮ ತಂದೆ ಸಭೆಯ ಹಿರಿಯರಲ್ಲಿ ಒಬ್ಬರು. ಸಂಜೆ ನಮ್ಮ ಪಡಸಾಲೆಯಲ್ಲಿ ಕಂಬಳಿ ಹಾಸಿ ಏಳೆಂಟು ಜನ ಕೂಡುವರು. ಅವ್ವ ಒಳಗೆ ಚಹದ ಬೋಗುಣಿ ಇಳಿಸುತ್ತಲೇ ಇರಬೇಕು. “ಬಿಷಪ್ಪ ಬಂದ್ರ ಹಿರೇರ ಕೆಲಸ ಏನ ಉಳೀತು?” ಎಂದು ಒಬ್ಬರು. “ಬಾಸೆಲ್ಲಿನ ಕಮಿಟಿ ಇದ್ದಾಗ ಏನಿತ್ತು?” ಎಂದು ಇನ್ನೊಬ್ಬರು. ಒಂದು ರಾತ್ರಿ ಅವ್ವ ಬಾಗಿಲಲ್ಲಿ ನಿಂತು, “ಹೆಣ್ಮಕ್ಕಳನ್ನೂ ಕೇಳತೀರೋ ಹೆಂಗ?” ಎಂದಳು. ಅರೆಗಳಿಗೆ ಯಾರೂ ಮಾತಾಡಲಿಲ್ಲ. ತಂದೆ ಲೋಟದಲ್ಲಿ ಮುಖ ಹುದುಗಿಸಿದರು. ಬೆಟಗೇರಿ ಕಡೆಯಿಂದ ಬಂದಿದ್ದ ಒಬ್ಬ ಮುದುಕರು ಮಾತ್ರ, “ಕೇಳಬೇಕಾಗಿತ್ತಪಾ” ಎಂದರು. ಆ ‘ಪಾ’ ಯಾರಿಗೆ ಹೇಳಿದ್ದೋ ನನಗೆ ಇನ್ನೂ ಗೊತ್ತಾಗಿಲ್ಲ.

ಈಗ ನಮ್ಮ ಓಟು ಎಲ್ಲಿಯವರೆಗೆ ಹೋಗುತ್ತದೆಂದು ಹೊರಗಿನ ವಾಚಕರಿಗೆ ಹೇಳಬೇಕು. ಊರ ಸಭೆ ತನ್ನ ಕಮಿಟಿಯನ್ನು ಆರಿಸುತ್ತದೆ. ಡಯಾಸಿಸಿನ ಕೌನ್ಸಿಲಿಗೆ ಪ್ರತಿನಿಧಿಗಳನ್ನು ಕಳಿಸುತ್ತದೆ. ಆ ಕೌನ್ಸಿಲು ಬಿಷಪ್ಪರ ಜಾಗಕ್ಕೆ ಓಟಿನಿಂದ ಕೆಲವೇ ಹೆಸರುಗಳನ್ನು ಮುಂದಿಡುತ್ತದೆ. ಅವರಲ್ಲಿ ಒಬ್ಬರನ್ನು ಮೇಲಿನ ಸಿನೊಡಿನವರು ಆರಿಸುತ್ತಾರೆ. ಸಭಾಪಾಲಕರನ್ನು ಡಯಾಸಿಸು ಕಳಿಸುತ್ತದೆ, ವರ್ಗ ಮಾಡುತ್ತದೆ. ಸ್ಕಾಟ್ಲೆಂಡಿನ ಸಭೆಗಳಲ್ಲಾದರೆ ಊರಿನವರೇ ಮತ ಹಾಕಿ ಪಾದ್ರಿಗಳನ್ನು ಕರೆಸಿಕೊಳ್ಳುತ್ತಾರೆ. ನಮ್ಮದು ಬಾವಿಯಿಂದ ಕೊಡ ಸೇದಿ ಕೈಯಿಂದ ಕೈಗೆ ದಾಟಿಸಿದ ಹಾಗೆ. ಮೇಲೆ ಮುಟ್ಟುವಾಗ ಒಂದಿಷ್ಟು ಚೆಲ್ಲಿರುತ್ತದೆ. ಮೂಲ ನಿಯಮಗಳನ್ನು ತಿದ್ದಬೇಕಾದರೆ ಸಿನೊಡಿನ ಒಪ್ಪಿಗೆಯೊಂದೇ ಸಾಲದು, ಡಯಾಸಿಸುಗಳನ್ನೂ ಕೇಳಬೇಕು. ಬಿಷಪ್ಪರ ನಿವೃತ್ತಿಯ ವಯಸ್ಸನ್ನು 67ರಿಂದ 70ಕ್ಕೆ ಏರಿಸಲು 2022ರಲ್ಲಿ ಮಾಡಹೊರಟ ತಿದ್ದುಪಡಿಯ ತಂಟೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ದೇವಾಲಯದಲ್ಲಿ ಕೈ ಎಣಿಸುವವರು ಎಣಿಸಿದ ಮೇಲೆ ವಕೀಲರು ಮತ್ತೆ ಎಣಿಸುವ ಕಾಲ ಇದು.

ಸಭೆಯೊಂದು ಹೊರಗೆ ಹೋಗುತ್ತೇನೆಂದರೆ? ಅಲ್ಲಿದೆ ನಿಜವಾದ ಗಂಟು. ಗೋಡೆ, ಗಂಟೆ, ಗೋರಿಗಳ ಜಾಗ ಯಾರವು? ನಮ್ಮ ಸಭೆಯ ಆಸ್ತಿಗಾಗಿ 1947ರಲ್ಲೇ ಒಂದು ಟ್ರಸ್ಟ್ ಅಸೋಸಿಯೇಶನ್ ನೋಂದಾಯಿಸಿದರು. ಅದರ ಹೆಸರಿನಲ್ಲಿರುವ ಕಟ್ಟಡವನ್ನು ಊರವರು ಓಟು ಹಾಕಿ ಎತ್ತಿಕೊಂಡು ಹೋಗುವಂತಿಲ್ಲ. ಕೆನಡಾದಲ್ಲಿ 1925ರ ಐಕ್ಯದ ಹೊತ್ತಿಗೆ ಕಾಯಿದೆಯೇ ಒಂದು ಬಾಗಿಲನ್ನು ತೆರೆದಿಟ್ಟಿತು: ಬೇಡವೆನ್ನುವ ಪ್ರೆಸ್ಬಿಟೇರಿಯನ್ ಸಭೆಗಳು ಮತ ಹಾಕಿ ಹೊರಗುಳಿಯಬಹುದು. ಸುಮಾರು ಮೂರರಲ್ಲೊಂದು ಪಾಲು ಜನ ಹೊರಗುಳಿದರು. ಅಮೇರಿಕದ ಯುನೈಟೆಡ್ ಮೆಥೊಡಿಸ್ಟ್ ಸಭೆಯಲ್ಲಿ 2019ರಿಂದ 2023ರವರೆಗೆ ಇಂಥದೇ ಒಂದು ಬಾಗಿಲಿತ್ತು. ಹಾಜರಿದ್ದ ಸದಸ್ಯರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಿದರೆ, ಪಿಂಚಣಿ ಮೊದಲಾದ ಬಾಕಿ ಕಟ್ಟಿ, ಕಟ್ಟಡದೊಡನೆ ಹೊರಡಬಹುದು. ಏಳೂವರೆ ಸಾವಿರಕ್ಕೂ ಹೆಚ್ಚು ಸಭೆಗಳು ಹೊರಟುಹೋದವು. ಹೊರಟ ಸಭೆಗಳಲ್ಲಿ ಉಳಿದುಕೊಳ್ಳಬೇಕೆಂದಿದ್ದ ಆ ಮೂರನೆಯ ಪಾಲಿನವರು ಮರುವಾರ ಎಲ್ಲಿ ಕುಳಿತರೋ! ನೆರೆಯ ಕೇರಳದಲ್ಲಿ ಇದರ ತಿರುಗುಮುರುಗು. ಮಲಂಕರ ಸಭೆಯ ವ್ಯಾಜ್ಯದಲ್ಲಿ 2017ರ ಜುಲೈ 3ರಂದು ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪಿನ ಮೇರೆಗೆ, ಒಂದು ಊರಿನಲ್ಲಿ ಬಹುಮತವಿದೆಯೆಂಬ ಬಲದ ಮೇಲೆ ಆ ಇಗರ್ಜಿಯನ್ನು ಮೂಲ ಸಭೆಯಿಂದ ಕಿತ್ತುಕೊಂಡು ಹೋಗಲು ಬರುವುದಿಲ್ಲ. 1934ರ ಸಂವಿಧಾನವೇ ಎಲ್ಲರಿಗೂ ಅನ್ವಯ. ತೀರ್ಪು ಕಾಯಿದೆಯ ಪ್ರಕಾರ ಇರಬಹುದು. ಆದರೆ ತಾತ ಮುತ್ತಾತರ ಗೋರಿಗಳಿರುವ ಅಂಗಳದ ಗೇಟಿನ ಹೊರಗೆ ನೂರಾರು ಜನ ನಿಂತ ಚಿತ್ರಗಳನ್ನು ವೃತ್ತಪತ್ರಿಕೆಗಳಲ್ಲಿ ನೋಡಿದಾಗ ನನಗೆ ನಮ್ಮ 1947ರ ಪ್ರತಿಜ್ಞೆ ನೆನಪಾಯಿತು.

ನಮ್ಮ ಜಗಳ ಇಷ್ಟು ದೊಡ್ಡದಲ್ಲ. ನಮ್ಮದು ಹುಬ್ಬಳ್ಳಿಯ ಒಂದು ದೊಡ್ಡ ಸಭೆಯ ಶಾಖೆಯಂತೆ ಬೆಳೆದ ಚಿಕ್ಕ ಸಭೆ, ಹೆಸರು ಬೇಡ. ಮೊದಮೊದಲು ರೈಲ್ವೆ ವರ್ಕಶಾಪಿನವರು, ದಾಯಿಗಳು, ಶಾಲೆಯ ಮಾಸ್ತರರು ತಗಡಿನ ಶೆಡ್ಡಿನಲ್ಲಿ ಕೂಡುತ್ತಿದ್ದೆವು. ಈಗ ಸುತ್ತಲಿನ ಬಡಾವಣೆಗಳಿಗೆ ಬ್ಯಾಂಕಿನವರು, ಇಂಜಿನಿಯರರು ಬಂದಿದ್ದಾರೆ. ನಮಗೇ ಒಬ್ಬ ಸಭಾಪಾಲಕರು ಬೇಕು, ನಾವು ಬೇರೆ ಪಾಸ್ಟರೇಟ್ ಆಗಬೇಕು ಎಂದು ಇವರ ಮಾತು. ಆಗಲಿ, ಆದರೆ ಸಂಬಳದ ಭಾರ ಹೊರಬೇಕಾದಾಗ ಚಂದಾ ಏರುತ್ತದೆ, ನಮ್ಮಂಥವರು ಎಲ್ಲಿಂದ ತರೋಣ ಎಂದು ಹಳಬರ ಮಾತು. ಕಡೆಯ ತೀರ್ಮಾನ ಡಯಾಸಿಸಿನದು. ಆದರೂ ಮೂರರಲ್ಲಿ ಎರಡು ಪಾಲು ಒಪ್ಪಿದರೆ ಮಾತ್ರ ಅರ್ಜಿ ಕಳಿಸುವುದೆಂದು ಕಮಿಟಿಯವರು ಗೊತ್ತುಮಾಡಿದರು. ನಾನು ಬೇರೆಯಾಗುವ ಪಕ್ಷ.

ಚಂದಾ ಬಾಕಿಯಿದ್ದವರ ಹೆಸರು ನಮ್ಮ ಯಾದಿಯಲ್ಲಿ ಬರುವುದಿಲ್ಲ. ಹೀಗೆ ಬಿಟ್ಟುಹೋದ ಹೆಸರುಗಳಲ್ಲಿ ಒಬ್ಬ ಆಯಿಯದಿತ್ತು. ಗಂಡ ತೀರಿ ಮೂವತ್ತು ವರ್ಷವಾಯಿತು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವುದು ಅವರ ಉದ್ಯೋಗ. ಶೆಡ್ಡಿನ ಕಾಲದಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು, ಕೊಡದಲ್ಲಿ ನೀರು ತುಂಬಿಡುತ್ತಿದ್ದವರು ಅವರೇ. ಮಂಡಿನೋವಿನಿಂದ ರೊಟ್ಟಿಯ ಕೆಲಸ ನಿಂತು ಎಂಟು ತಿಂಗಳ ಚಂದಾ ಬಾಕಿಯಾಗಿತ್ತು. ಯಾದಿ ಬರೆದವರ ಮೇಲೆ ತಪ್ಪಿಲ್ಲ, ನಿಯಮ ಹಾಗಿದೆ.

ಎಣಿಕೆ ಬಿಗಿಯಾಗಿದೆಯೆಂದು ತಿಳಿದೊಡನೆ ಆಯಿಯ ಮನೆಗೆ ದಾರಿ ಸವೆಯಿತು. ಒಂದೇ ಸಂಜೆ ಎರಡೂ ಪಕ್ಷದವರು ಎಂಟು ತಿಂಗಳ ಚಂದಾವನ್ನು ಲಕ್ಕೋಟೆಯಲ್ಲಿಟ್ಟುಕೊಂಡು ಹೋದರು. ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿದರಂತೆ. ಆಯಿ ಎಲ್ಲರನ್ನೂ ಒಳಗೆ ಕೂಡಿಸಿ ಚಹಾ ಕೊಟ್ಟು ಕೇಳಿದರು: “ನಾ ಬಿದ್ದಾಗ ಎಂಟು ತಿಂಗಳು ಯಾರೂ ಬರಲಿಲ್ಲ. ಈಗ ನಿಮಗ ನಾ ಬೇಕೋ, ನನ್ನ ಓಟು ಬೇಕೋ?” ಲಕ್ಕೋಟೆಗಳು ತಿರುಗಿ ಜೇಬಿಗೆ ಹೋದವು.

ಸಭೆಯ ದಿನ ಆಯಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಯಾದಿಯಲ್ಲಿಲ್ಲದವರು ಕೂಡಬಹುದೇ ಎಂದು ಯಾರೋ ಎದ್ದರು. ಕೂತವರನ್ನು ಎಬ್ಬಿಸುವ ನಿಯಮ ತಮಗೆ ಗೊತ್ತಿಲ್ಲವೆಂದು ಸಭಾಪಾಲಕರು ಹೇಳಿದರು. ಕೈ ಎತ್ತುವುದೋ, ಚೀಟಿಯೋ ಎಂಬುದರ ಮೇಲೆ ಅರ್ಧ ತಾಸು ಹೋಯಿತು. ಹತ್ತಾರು ಮನೆಗಳ ಚಿಕ್ಕ ಸಭೆಯಲ್ಲಿ ಎತ್ತಿದ ಕೈಯನ್ನು ಎಲ್ಲರೂ ನೆನಪಿಡುತ್ತಾರೆ. ನಾಳೆ ಕೈಗಡ ಕೇಳಲು ಹೋಗುವ ಮನೆಯೂ ಅದೇ. ಕೊನೆಗೆ ಚೀಟಿ ಎಂದಾಯಿತು. ಎಣಿಸಿದಾಗ ಬೇರೆಯಾಗಬೇಕೆಂದವರೇ ಹೆಚ್ಚು. ಆದರೆ ಎರಡು ಪಾಲಿಗೆ ನಾಲ್ಕು ಚೀಟಿ ಕಡಿಮೆ. ಹೀಗಾಗಿ ಹೆಚ್ಚಿದ್ದ ನಾವು ಸೋತೆವು, ಕಡಿಮೆಯಿದ್ದವರು ಗೆದ್ದರು. ಮುಂದಿನ ಒಂದೆರಡು ತಿಂಗಳು ದೇವಾಲಯದಲ್ಲಿ ಎಡಗಡೆಯ ಬೆಂಚುಗಳು ಒಂದು ಪಕ್ಷ, ಬಲಗಡೆಯವು ಒಂದು ಪಕ್ಷ. ಎರಡು ಮನೆಯವರು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಆರಾಧನೆಗೆ ಹೋಗತೊಡಗಿದರು. ಅವರು ಇನ್ನೂ ಮರಳಿಲ್ಲ.

ನಾನು ಕಮಿಟಿಯ ಮುಂದಿಟ್ಟ ತಕರಾರು ಎಣಿಕೆಯ ಮೇಲಲ್ಲ. ಬಡವರ ಚಂದಾ ಏರಿಸುವುದಿಲ್ಲವೆಂದು ನಾವು ಬಾಯಲ್ಲಿ ಹೇಳುತ್ತಿದ್ದೆವು, ಕಾಗದದ ಮೇಲೆ ಯಾರೂ ಬರೆಯಲಿಲ್ಲ. ಎರಡು ಪಾಲು ಸಿಕ್ಕಿದ್ದರೆ ಉಳಿದ ಒಂದು ಪಾಲಿನವರಿಗೆ ನಮ್ಮ ಒಳ್ಳೆಯತನದ ಹೊರತು ಬೇರೆ ಆಧಾರವೇ ಇರುತ್ತಿರಲಿಲ್ಲ. ವಿದ್ವಾಂಸರೂ ಬಿಷಪ್ಪರೂ ತಮ್ಮ ಒಳ್ಳೆಯತನವನ್ನು ನಂಬದೆ ಅದನ್ನು ಬರೆದಿಟ್ಟರು. ಅಮರಗೋಳದ ನಾವು ಅವರಿಗಿಂತ ಒಳ್ಳೆಯವರೇನು? ಬಹಳ ವಾದವಾಗಿ ಈಗ ಮೂರು ಸಾಲಿನ ಒಂದು ಕರಡು ತಯಾರಾಗಿದೆ. ಬೇರೆಯಾದರೂ ಇಂತಿಷ್ಟು ವರ್ಷ ಕಡಿಮೆ ಚಂದಾದವರದು ಏರಬಾರದು. ಬಾಕಿಯಾದವರ ಮನೆಗೆ ಹೋಗಿ ವಿಚಾರಿಸದೆ ಹೆಸರು ಬಿಡಬಾರದು. ಯಾರ ಬಾಕಿಯನ್ನೂ ಓಟಿನ ಹೊತ್ತಿಗೆ ಇನ್ನೊಬ್ಬರು ತೀರಿಸಬಾರದು. ಮೂರನೆಯ ಸಾಲಿಗೆ ಎರಡೂ ಪಕ್ಷದವರು ಸ್ವಲ್ಪ ಕೆಮ್ಮಿದರು. ಈ ಕರಡು ಮುಂದಿನ ಸಾಧಾರಣ ಸಭೆಗೆ ಬರುತ್ತದೆ, ಇದಕ್ಕೂ ಓಟು.

ಆಯಿಯ ಮಂಡಿ ಈಗ ವಾಸಿ. ಕಳೆದ ತಿಂಗಳು ರೊಟ್ಟಿಯ ಹಣದಲ್ಲಿ ಎಂಟು ತಿಂಗಳ ಬಾಕಿಯನ್ನು ತಾವೇ ತಂದು ಮೇಜಿನ ಮೇಲೆ ಎಣಿಸಿ ಇಟ್ಟರು. ಖಜಾನಚಿ ಮತ್ತೊಮ್ಮೆ ಎಣಿಸಲು ಹೋದಾಗ, “ಸರಿ ಐತಿ ತಗೋಪಾ” ಎಂದರು. ನಾನು ರಸೀದಿ ಬರೆಯುತ್ತ, ಅಂದು ಯಾದಿಯಲ್ಲಿ ಹೆಸರಿದ್ದಿದ್ದರೆ ಯಾವ ಕಡೆ ಹಾಕುತ್ತಿದ್ದಿರಿ ಆಯಿ ಎಂದು ಕೇಳಿದೆ.

“ಚೀಟಿ ಮಡಚಿ ಹಾಕೂದು ಅಂತ ನೀವ ಠರಾವು ಮಾಡೀರಿ,” ಎಂದು ರಸೀದಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ರೊಟ್ಟಿಯ ಹಿಟ್ಟು ನಾದಬೇಕೆಂದು ಹೊರಟರು.